ಸೈಕಲ್ ಟ್ಯೂಬ್ ಹಾಕಿ ಗಿಟಾರ್ ಆಂಪ್‌ನ ಗಿರ್ರ್ ನಿಲ್ಲಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ವಾಲ್ವ್ ಬದಲಾಯಿಸಿದ್ದು ದಂಡ. ನನ್ನ ಗಿಟಾರ್ ಆಂಪ್ 15 ವಾಟಿನ ವಾಲ್ವ್ ಕಾಂಬೊ: ಸದ್ದು ಹಿಗ್ಗಿಸಲು ಗಾಜಿನ ವಾಲ್ವ್, ಅದೇ ಪೆಟ್ಟಿಗೆಯಲ್ಲಿ 12 ಇಂಚಿನ ಸ್ಪೀಕರ್. ನುಡಿಸಿದರೆ ಗಿರ್ರ್ ಅನ್ನುತ್ತಿತ್ತು. ನೋಡಿದವರೆಲ್ಲ "ವಾಲ್ವ್ ಹೋಗಿದೆ ಸಾರ್" ಅಂದರು. ಇಎಲ್84 ವಾಲ್ವ್ ಜೋಡಿಗೆ ನಾಲ್ಕು ಸಾವಿರದ ಮೇಲೆ, 12ಎಎಕ್ಸ್7 ವಾಲ್ವ್ ಒಂದಕ್ಕೆ ಹತ್ತಿರಹತ್ತಿರ ಎರಡು ಸಾವಿರ ಸುರಿದೆ. ಎ ತಂತಿ ಮೀಟಿದರೆ ಅದೇ ಗಿರ್ರ್. ಆಮೇಲೆ ರಿಪೇರಿಯವರೊಬ್ಬರು ಸ್ಪೀಕರ್ ಒಳಗಿನ ತಂತಿ ಸುರುಳಿ (ಕಾಯಿಲ್) ಉಜ್ಜುತ್ತಿದೆ, ಹನ್ನೆರಡು ಸಾವಿರ ಆಗುತ್ತೆ ಅಂದರು. ಸ್ಪೀಕರಿನ ಕಾಗದದ ಕೋನನ್ನು ಬೆರಳುಗಳಿಂದ ಮೆಲ್ಲಗೆ ಒತ್ತಿ ನೋಡಿದೆ. ಎಲ್ಲೂ ಉಜ್ಜುತ್ತಿರಲಿಲ್ಲ. ಇನ್ನು ಊಹೆ ಮೇಲೆ ದುಡ್ಡು ಹಾಕಲ್ಲ ಅಂತ ಅವತ್ತೇ ತೀರ್ಮಾನಿಸಿದೆ.

ಇದ್ದದ್ದು ಎರಡು ಬೇರೆಬೇರೆ ಸದ್ದು. ಸುಮ್ನೆ ಇಟ್ಟರೂ ಬರುವ ಜುಂಯ್ ಒಂದು, ಮೀಟಿದಾಗ ಮಾತ್ರ ಬರುವ ಗಿರ್ರ್ ಇನ್ನೊಂದು. ಎರಡನ್ನೂ ಒಟ್ಟಿಗೆ ಬೆನ್ನಟ್ಟಿದರೆ ಯಾವುದೂ ಸಿಗಲ್ಲ.

ಜುಂಯ್ ಬೇಗ ಮುಗಿಯಿತು. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಇತ್ತು, 100 ಹರ್ಟ್ಸ್‌ನದು, ಅಂದರೆ ಮನೆ ಕರೆಂಟಿನ 50ರ ಎರಡರಷ್ಟು. ಅಂದಮೇಲೆ ಆ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ಅಲ್ವಾ? ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ 450 ವೋಲ್ಟಿನವು ತಂದು ಹಾಕಿದೆ, ಎಲ್ಲ ಸೇರಿ ಮುನ್ನೂರೋ ಮುನ್ನೂರೈವತ್ತೋ ಆಯಿತು. ಜುಂಯ್‌ನ ಮುಕ್ಕಾಲು ಭಾಗ ಹೋಯಿತು. ಉಳಿದದ್ದು ಗಿಟಾರ್ ಹಿಡಿದು ತಿರುಗಿದರೆ ಜಾಸ್ತಿ ಕಡಿಮೆ ಆಗುತ್ತಿತ್ತು. ಫ್ಯಾನ್ ರೆಗ್ಯುಲೇಟರ್ ಎರಡರಲ್ಲಿತ್ತು, ಐದಕ್ಕೆ ಇಟ್ಟ ಕೂಡಲೇ ಮಾಯ. ಹಾಗೇ ಮಲ್ಟಿಮೀಟರ್ ಇಟ್ಟು ನೋಡಿದರೆ ನ್ಯೂಟ್ರಲ್‌ಗೂ ಅರ್ಥಿಂಗ್‌ಗೂ ನಡುವೆ 20 ವೋಲ್ಟ್ ಹತ್ತಿರ. ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿತ್ತು. ಎರಡು ಬಿಂದಿಗೆ ನೀರು, ಒಂದಷ್ಟು ಉಪ್ಪು ಹಾಕಿದ ಮೇಲೆ ಮೂರು ವೋಲ್ಟಿಗೆ ಇಳಿಯಿತು. ಗಣೇಶನ ಪೆಂಡಾಲಿನಲ್ಲಿ ಜುಂಯ್ ಬಂತು ಅಂತ ಅರ್ಥ್ ಪಿನ್ ಮುರಿಯುವವರನ್ನು ಕಂಡಿದ್ದೇನೆ. ಅಂಥವರ ಪಕ್ಕ ನಿಂತು ನಾನು ನುಡಿಸಲ್ಲ.

ಗಿರ್ರ್ ಹಿಡಿಯುವುದೇ ದೊಡ್ಡ ಕೆಲಸ. ಫೋನಿನ ಟೋನ್ ಜನರೇಟರ್ ಆಪನ್ನು ಇನ್‌ಪುಟ್‌ಗೆ ಕೊಟ್ಟು 70 ಹರ್ಟ್ಸ್‌ನಿಂದ ನಿಧಾನಕ್ಕೆ ಏರಿಸಿದೆ. 110ರ ಹತ್ತಿರ ಒಂದು ಗಿರ್ರ್, ಸರಿಯಾಗಿ ಖಾಲಿ (ಬೆರಳೊತ್ತದ) ಎ ತಂತಿ. 195ರ ಆಸುಪಾಸು ಇನ್ನೊಂದು, ಅದು ಖಾಲಿ ಜಿ. ಟೋನನ್ನು 110ರಲ್ಲೇ ನಿಲ್ಲಿಸಿ ಹಿಡಿಕೆ, ಮೂಲೆಯ ತಗಡು, ಹಿಂದಿನ ಹಲಗೆ ಎಲ್ಲ ಒಂದೊಂದಾಗಿ ಒತ್ತುತ್ತಾ ಹೋದೆ. ಹಲಗೆಯ ಎಡಮೂಲೆ ಒತ್ತಿದಾಗ ಸದ್ದು ಅರ್ಧಕ್ಕೆ ಬಿತ್ತು. ಅಲ್ಲಿನ ಸ್ಕ್ರೂ ತಿರುಗಿಸಿದಷ್ಟೂ ತಿರುಗುತ್ತಿತ್ತು, ಕಚ್ಚುತ್ತಿರಲಿಲ್ಲ. ತೂತಿಗೆ ಎರಡು ಬೆಂಕಿಕಡ್ಡಿ, ಫೆವಿಕಾಲ್, ಒಂದು ರಾತ್ರಿ ಒಣಗಲು ಬಿಟ್ಟೆ. ಹಲಗೆ ಕೂರುವ ಅಂಚಿಗೆಲ್ಲ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಪಟ್ಟಿ ಅಂಟಿಸಿದೆ. ನಮ್ಮ ಡ್ರಮ್ಮರ್ ಇದನ್ನು ನೋಡಿ "ಪಂಕ್ಚರ್ ಅಂಗಡಿ ಇಡೋ" ಅಂತ ನಕ್ಕ.

ಉಳಿದರ್ಧಕ್ಕೆ ಸರ್ಕ್ಯೂಟ್, ವಾಲ್ವ್ ಕೂತಿರುವ ಲೋಹದ ಚಾಸಿ ಹೊರಗೆ ತೆಗೆದೆ. ಮೇಜಿನ ಮೇಲಿಟ್ಟು ಉದ್ದ ವೈರಿನಲ್ಲಿ ಅದೇ ಸ್ಪೀಕರ್‌ಗೆ ಜೋಡಿಸಿದೆ. ಒಳಗೆ 300 ವೋಲ್ಟ್ ಮೇಲಿರುತ್ತೆ, ಸ್ಪೀಕರ್ ಇಲ್ಲದೆ ಆನ್ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತೆ, ಇದೆಲ್ಲ ನಿಮಗೆ ಗೊತ್ತಿರೋದೇ. ಈಗ 110ರಲ್ಲಿ ಗಿರ್ರ್ ಪೂರ್ತಿ ನಿಂತಿತು! ಅಂದರೆ 110ರ ಮಟ್ಟಿಗೆ ಸ್ಪೀಕರ್ ಸರಿ, ಸರ್ಕ್ಯೂಟೂ ಸರಿ. ಪೆಟ್ಟಿಗೆಯ ಅದುರಾಟಕ್ಕೆ ಚಾಸಿಯಲ್ಲೇ ಏನೋ ಗಲಗಲ ಅನ್ನುತ್ತಿದೆ. ಬಿದಿರು ಕಡ್ಡಿಯಲ್ಲಿ ತಟ್ಟಿದಾಗ ಸಿಕ್ಕಿದ್ದು ಇಎಲ್84 ಹಿಡಿದಿಡುವ ಸ್ಪ್ರಿಂಗ್. ಅದು ಗಾಜಿಗೆ ಬಡಿಯುತ್ತಿತ್ತು. ವಾಲ್ವ್ ಎಷ್ಟು ಸಲ ಬದಲಾಯಿಸಿದರೂ ಸ್ಪ್ರಿಂಗ್ ಹಳೇದೇ ಇರುತ್ತಲ್ಲ.

ವಾಲ್ವ್‌ಗೆ ರಬ್ಬರ್ ರಿಂಗ್ ತೊಡಿಸಿದೆ. ಮೊದಲು ಹಾಕಿದ್ದು ಮಾಮೂಲಿ ಕಪ್ಪು ನೈಟ್ರೈಲ್. ಅರ್ಧ ಗಂಟೆ ನುಡಿಸುವಷ್ಟರಲ್ಲಿ ಮನೆಯೆಲ್ಲ ಸುಟ್ಟ ವಾಸನೆ. ಸಿಲಿಕಾನ್ ರಿಂಗೇ ಆಗಬೇಕು, ಅದು 200 ಡಿಗ್ರಿ ತಡೆಯುತ್ತೆ. ಒಳ ಅಳತೆ 20 ಮಿ.ಮೀ. ಇದ್ದರೆ ಬಿಗಿಯಾಗಿ ಕೂರುತ್ತೆ, ಒಂದಕ್ಕೆ ಹದಿನೈದು ಇಪ್ಪತ್ತು ರೂಪಾಯಿ. ಸ್ಪ್ರಿಂಗ್‌ಗೆ ಏನು ಸುತ್ತಿದ್ದೇನೆ ಅನ್ನೋದನ್ನು ಮಾತ್ರ ಈಗ ಹೇಳಲ್ಲ. ಆ ಉಪಾಯ ಹುಡುಕೋಕೆ ತುಂಬ ದಿನ ಹಿಡಿದಿದೆ.

195ರದ್ದು ಸ್ಪೀಕರಿನ ನಡುವಿನ ಡಸ್ಟ್ ಕ್ಯಾಪ್. ಅಂಚು ಉಗುರಿನಷ್ಟು ಎದ್ದಿತ್ತು. ಸೂಜಿ ತುದಿಯಲ್ಲಿ ಫೆವಿಬಾಂಡ್ ಹಚ್ಚಿದೆ, ಮುಗಿಯಿತು. ಜಾಸ್ತಿ ಹಚ್ಚಬೇಡಿ, ಕೋನ್ ಭಾರವಾಗುತ್ತೆ.

ಮಧ್ಯೆ ಇನ್ನೊಂದು ಆಟ ಆಡಿದೆ. ಆಂಪನ್ನು ಮಲಗಿಸಿ ಹಿಂದಿನ ಹಲಗೆ ಮೇಲೆ ಚಿರೋಟಿ ರವೆ ಉದುರಿಸಿ ಟೋನ್ ಏರಿಸಿದೆ. ಅದುರುವ ಕಡೆಯಿಂದ ರವೆ ಕುಣಿದು ಜಾಗ ಬಿಡುತ್ತೆ, ಅದುರದ ಕಡೆ ಗೆರೆಗೆರೆಯಾಗಿ ನಿಲ್ಲುತ್ತೆ. ನೋಡೋಕೆ ಚೆಂದ. ಪಟ್ಟಿಯ ತುಂಡುಗಳನ್ನು ಎಲ್ಲಿ ದಪ್ಪ ಮಾಡಬೇಕು ಅಂತ ಇದರಿಂದಲೇ ಗೊತ್ತಾಯಿತು. ಮನೆಯಲ್ಲಿ ಬೈಗುಳ ಸಿಕ್ಕಿತು, ಆ ಲೆಕ್ಕ ಬೇರೆ.

ವಾಲ್ವ್ ದಂಡ ಬಿಟ್ಟರೆ ಒಟ್ಟು ಖರ್ಚು ಐನೂರು ದಾಟಿಲ್ಲ, ಹನ್ನೆರಡು ಸಾವಿರ ಕೇಳಿದ ಕಡೆ. ಪಂಕ್ಚರ್ ಅಂಗಡಿ ಅಂದವನೇ ಈಗ ಗೆಳೆಯನದೊಂದು 10 ಇಂಚಿನ ಕಾಂಬೊ ತಂದಿಟ್ಟಿದ್ದಾನೆ. ಅದರ ಗಿರ್ರ್ 240ರ ಹತ್ತಿರ. ಗ್ರಿಲ್ ಬಟ್ಟೆಯ ಚೌಕಟ್ಟು ಸಡಿಲ ಇರಬೇಕು ಅಂತ ನನ್ನ ಅನುಮಾನ. ಭಾನುವಾರ ಬಿಚ್ಚಬೇಕು.