ಈಕ್ವಿಲಿಬ್ರಿಯಂ ಲೆಕ್ಕ ನನ್ನ ತಲೆಗೆ ಹತ್ತಿದ್ದು ಹೀಗೆ

ಫಸ್ಟ್ ಪಿಯುಸಿಯಲ್ಲಿ ಕೆಮಿಸ್ಟ್ರಿಯ ಈಕ್ವಿಲಿಬ್ರಿಯಂ (ರಾಸಾಯನಿಕ ಕ್ರಿಯೆ ಮುಂದಕ್ಕೂ ಹಿಂದಕ್ಕೂ ಒಂದೇ ವೇಗದಲ್ಲಿ ನಡೆಯುವ ಸ್ಥಿತಿ) ಪಾಠದ ಸೂತ್ರಗಳೆಲ್ಲ ನನಗೆ ಬಾಯಿಪಾಠ ಆಗಿದ್ದವು, ಲೆಕ್ಕ ಮಾತ್ರ ಒಂದೂ ಸರಿ ಬರುತ್ತಿರಲಿಲ್ಲ. ಪ್ರಶ್ನೆಯಲ್ಲಿ ಕೊಟ್ಟ ಕಾನ್ಸಂಟ್ರೇಷನ್‌ಗಳನ್ನು ಸುಮ್ನೆ ಹಾಗೇ ಎತ್ತಿ ಕೆಸಿ (ಈಕ್ವಿಲಿಬ್ರಿಯಂನಲ್ಲಿ ಹುಟ್ಟುವ ವಸ್ತುಗಳಿಗೂ ಖರ್ಚಾಗುವ ವಸ್ತುಗಳಿಗೂ ಇರುವ ಅನುಪಾತ) ಸೂತ್ರಕ್ಕೆ ತುಂಬುತ್ತಿದ್ದೆ.

ಅದು ತಪ್ಪು ಅಂತ ಹೊಳೆದದ್ದು ಲ್ಯಾಬಿನಲ್ಲಿ. ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಪೊಟ್ಯಾಸಿಯಂ ಥಯೋಸಯನೇಟ್ ಹಾಕಿದರೆ, ಫೆರಿಕ್ ಅಯಾನು ಥಯೋಸಯನೇಟ್ ಜೊತೆ ಕೂಡಿ ರಕ್ತದಂಥ ಕೆಂಪು ಬರುತ್ತದೆ. ಅದಕ್ಕೆ ನೀರು ಬೆರೆಸಿ ತಿಳಿ ಮಾಡಿ, ಎರಡು ಟೆಸ್ಟ್ ಟ್ಯೂಬಿಗೆ ಹಂಚಿ, ಒಂದಕ್ಕೆ ಇನ್ನೆರಡು ಹನಿ ಥಯೋಸಯನೇಟ್ ಬಿಟ್ಟೆ. ಪಕ್ಕದ್ದಕ್ಕಿಂತ ಕೆಂಪು ಗಾಢವಾಯಿತು. ಫೆರಿಕ್ ಅಯಾನು ಮೊದಲೇ ಪೂರ್ತಿ ಮುಗಿದಿದ್ದರೆ ಈ ಹೊಸ ಕೆಂಪು ಎಲ್ಲಿಂದ ಬರಬೇಕು? ಅಂದರೆ ಅದು ಇನ್ನೂ ಉಳಿದಿತ್ತು. ಬಣ್ಣ ನಿಂತುಬಿಟ್ಟ ಹಾಗೆ ಕಂಡರೂ ಒಳಗೆ ಕೂಡುವುದೂ ಬಿಡುವುದೂ ಒಂದೇ ವೇಗದಲ್ಲಿ ನಡೆದೇ ಇತ್ತು. ಕೆಸಿ ಸೂತ್ರಕ್ಕೆ ಹಾಕಬೇಕಾದದ್ದು ಹೀಗೆ ಉಳಿದದ್ದನ್ನು, ನಾನು ಹಾಕುತ್ತಿದ್ದದ್ದು ಮೊದಲು ಸುರಿದದ್ದನ್ನು.

ಅವತ್ತಿನಿಂದ ಪ್ರತಿ ಲೆಕ್ಕಕ್ಕೂ ಮೂರು ಸಾಲು ಬರೆಯತೊಡಗಿದೆ: ಮೊದಲು ಇದ್ದದ್ದು, ಬದಲಾದದ್ದು, ಕೊನೆಗೆ ಉಳಿದದ್ದು. ಒಂದು ಹೈಡ್ರೋಜನ್, ಒಂದು ಅಯೋಡಿನ್ ಸೇರಿ ಎರಡು ಹೈಡ್ರೋಜನ್ ಅಯೋಡೈಡ್ ಆಗುವುದನ್ನೇ ತಗೊಳ್ಳಿ. 430 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಕೆಸಿ 54.3. ಒಂದು ಲೀಟರ್ ಪಾತ್ರೆಗೆ ಒಂದೊಂದು ಮೋಲ್ ಹಾಕಿದರೆ, ಎಕ್ಸ್ ಮೋಲ್ ಖರ್ಚಾಗಿ ಎರಡೂ 1 − ಎಕ್ಸ್ ಉಳಿಯುತ್ತವೆ, ಅಯೋಡೈಡ್ 2ಎಕ್ಸ್ ಹುಟ್ಟುತ್ತದೆ. ಆ 2 ಬಿಟ್ಟುಹೋಗುವುದೇ ಜಾಸ್ತಿ, ಅದರ ಮೇಲೆ ಕಣ್ಣಿಡಿ. 2ಎಕ್ಸ್‌ನ ವರ್ಗವನ್ನು 1 − ಎಕ್ಸ್‌ನ ವರ್ಗದಿಂದ ಭಾಗಿಸಿದರೆ 54.3 ಬರಬೇಕು. ಎರಡೂ ಕಡೆ ವರ್ಗಮೂಲ ತೆಗೆದರೆ ಬಲಗಡೆ 7.37, ಅಲ್ಲಿಂದ ಎಕ್ಸ್ 0.787. ಇದನ್ನು ತಿರುಗಿ ಸೂತ್ರಕ್ಕೆ ಹಾಕಿ 54ರ ಆಸುಪಾಸು ಬರುತ್ತದಾ ಅಂತ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಅಯೋಡಿನ್ 2 ಮೋಲ್ ಹಾಕಿದಾಗ ವರ್ಗಮೂಲದ ಸುಲಭದ ದಾರಿ ಇಲ್ಲ. ಬಿಸಿ ಅಷ್ಟೇ ಇದ್ದರೆ ಕೆಸಿ ಅದೇ 54.3, ಆದರೆ ವರ್ಗ ಸಮೀಕರಣ ಬಿಡಿಸಬೇಕು. ಎರಡು ಉತ್ತರ ಬರುತ್ತವೆ, 2.30 ಮತ್ತು 0.939. ಹೈಡ್ರೋಜನ್ ಇರುವುದೇ 1 ಮೋಲ್, ಅದರಲ್ಲಿ 2.30 ಖರ್ಚಾಗುವುದು ಹೇಗೆ? ಹಾಗಾಗಿ 0.939. ಅಯೋಡಿನ್ ಜಾಸ್ತಿ ಹಾಕಿದ್ದಕ್ಕೆ 0.787 ಮೋಲ್ ಖರ್ಚಾಗುತ್ತಿದ್ದ ಹೈಡ್ರೋಜನ್ ಈಗ 0.939 ಖರ್ಚಾಗಿದೆ. ಟೆಸ್ಟ್ ಟ್ಯೂಬಿನಲ್ಲಿ ಎರಡು ಹನಿಗೆ ಕೆಂಪು ಗಾಢವಾದದ್ದೂ ಇದೇ ಅಲ್ವಾ! ಆ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದುಕೊಂಡು ತುಂಬ ಹೊತ್ತು ನೋಡುತ್ತಾ ಕೂತಿದ್ದೆ.