ಮುರುಗಲು, ಒಂದೆಲಗ, ಹರಿವೆ: ಆಂಟಿಆಕ್ಸಿಡೆಂಟ್ ಹಾಳಾಗದ ಹಾಗೆ ತಿನ್ನುವುದು ಹೇಗೆ

ಮೇ ತಿಂಗಳಲ್ಲಿ ಶಿರಸಿ ಹತ್ತಿರ ಅತ್ತಿಗೆ ಮನೆಗೆ ಹೋಗಿದ್ದೆ. ಕಪಾಟಿನಲ್ಲಿ ಒಂದು ಡಬ್ಬಿ ಆಂಟಿಆಕ್ಸಿಡೆಂಟ್ ಮಾತ್ರೆ ಇತ್ತು. ಹಿತ್ತಲಲ್ಲಿ ನೋಡಿದರೆ ಮುರುಗಲು (ಪುನರ್ಪುಳಿ, ಕೋಕಂ) ಹಣ್ಣು ಉದುರಿ ಉದುರಿ ಮಣ್ಣೆಲ್ಲ ಕೆಂಪಾಗಿತ್ತು, ಒಬ್ಬರೂ ಹೆಕ್ಕಿರಲಿಲ್ಲ. ನಿಜಕ್ಕೂ ಬೇಜಾರಾಯಿತು. ಆ ಕೆಂಪು ಬಣ್ಣವೇ ಆಂಟಿಆಕ್ಸಿಡೆಂಟ್.

ತಿಂದದ್ದು ಶಕ್ತಿಯಾಗುವಾಗ ಮೈಯೊಳಗೆ ಫ್ರೀ ರ‍್ಯಾಡಿಕಲ್ ಅನ್ನುವ ಕಣಗಳು ಹುಟ್ಟುತ್ತವೆ. ಬೀಡಿ ಸಿಗರೇಟಿನ ಹೊಗೆ, ವಿಪರೀತ ಬಿಸಿಲು ಸೇರಿದರೆ ಇನ್ನೂ ಜಾಸ್ತಿ. ಅವು ಪಕ್ಕದ ಕೊಬ್ಬು, ಪ್ರೋಟೀನ್, ಡಿಎನ್‌ಎಯಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಹಾಳು ಮಾಡುತ್ತವೆ. ಆಂಟಿಆಕ್ಸಿಡೆಂಟ್ ತನ್ನದನ್ನು ಕೊಟ್ಟು ಅದನ್ನು ತಡೆಯುತ್ತದೆ. ಆದರೆ ರೋಗಾಣು ಕೊಲ್ಲಲು ನಮ್ಮ ದೇಹವೂ ಇದೇ ಕಣಗಳನ್ನು ಬಳಸುತ್ತದೆ, ಹಾಗಾಗಿ ಎಲ್ಲವನ್ನೂ ಒರೆಸಿ ಹಾಕುವ ಹಟ ಬೇಡ. ಫಿನ್ಲೆಂಡಿನಲ್ಲಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ಬೀಟಾ ಕ್ಯಾರೊಟಿನ್ (ಗೆಣಸು, ಪಪ್ಪಾಯಿಯಲ್ಲೂ ಇರುವ ಆಂಟಿಆಕ್ಸಿಡೆಂಟ್) ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18 ಶೇಕಡಾ ಜಾಸ್ತಿಯಾಗಿತ್ತು. ಸಿಗರೇಟು ಸೇದುವವರು ಅಂಥ ಮಾತ್ರೆ ಮುಟ್ಟಲೇಬೇಡಿ. ಗೆಣಸು, ಪಪ್ಪಾಯಿ ತಿನ್ನಲು ಹೆದರಬೇಕಾಗಿಲ್ಲ, ಅಪಾಯ ಕಂಡದ್ದು ಮಾತ್ರೆಯ ದೊಡ್ಡ ಡೋಸಿನಲ್ಲಿ.

ಈಗ ಮುರುಗಲು. ಗಟ್ಟಿ ಹಣ್ಣು ಆರಿಸಿ, ತೊಳೆದು, ನೀರು ಪೂರ್ತಿ ಒರೆಸಿ. ಎರಡು ಹೋಳು ಮಾಡಿ ಬೀಜ ತೆಗೆದಿಡಿ. ಗಾಜಿನ ಬಾಟಲಿ ಅಥವಾ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಅದರ ಮೇಲೆ ಸಕ್ಕರೆ, ಮತ್ತೆ ಸಿಪ್ಪೆ, ಹೀಗೆ ತುಂಬಿ. ಅಲ್ಯುಮಿನಿಯಂ, ಹಿತ್ತಾಳೆ ಪಾತ್ರೆ ಬೇಡ, ಹುಳಿ ಲೋಹವನ್ನು ತಿನ್ನುತ್ತದೆ. ಮಾರನೇ ದಿನವೇ ತಳದಲ್ಲಿ ಕಡುಗೆಂಪು ರಸ ನಿಂತಿರುತ್ತದೆ. ದಿನಕ್ಕೊಮ್ಮೆ ಒಣ ಸೌಟಿನಲ್ಲಿ ಮೇಲೆ ಕೆಳಗೆ ಮಾಡಿ, ವಾರದ ನಂತರ ಸೋಸಿ ಫ್ರಿಜ್ಜಿನಲ್ಲಿಡಿ. ಬೇಕಾದಾಗ ನೀರು ಬೆರೆಸಿದರೆ ಪಾನಕ. ಬಿಸಿಲಿನಲ್ಲಿಟ್ಟರೆ ಸಕ್ಕರೆ ಬೇಗ ಕರಗುತ್ತದೆ ನಿಜ, ಆದರೆ ನಾನು ನೆರಳಲ್ಲೇ ಇಡುತ್ತೇನೆ. ಯಾಕೆಂದರೆ ಆ ಬಣ್ಣ ಆಂಥೊಸಯಾನಿನ್, ಅದಕ್ಕೆ ಬೆಳಕು ಮತ್ತು ಬಿಸಿ ಎರಡೂ ಆಗುವುದಿಲ್ಲ. ಹುಳಿಯಿದ್ದಾಗ ಮಾತ್ರ ಅದು ಕೆಂಪಗೆ ಗಟ್ಟಿಯಾಗಿ ನಿಲ್ಲುತ್ತದೆ. ಬೇಕಾದರೆ ಪಾನಕದ ಲೋಟ ತೊಳೆಯುವಾಗ ನೋಡಿ, ಸೋಪು ತಾಗಿದ ಕೂಡಲೇ ಕೆಂಪು ನೀಲಿ ಕಡೆಗೆ ತಿರುಗುತ್ತದೆ. ಹಾಗಾಗಿ ಪಾನಕಕ್ಕೆ ಸೋಡಾಪುಡಿ ಹಾಕಬೇಡಿ.

ಕಾರವಾರದ ಕಡೆ ಮೀನು ಸಾರಿಗೆ ಒಣ ಸಿಪ್ಪೆ ಹಾಕುತ್ತಾರಲ್ವಾ, ಅದನ್ನು ಕೊನೆಗೆ ಹಾಕಿ ಒಂದು ಕುದಿ ಬಂದ ಮೇಲೆ ಇಳಿಸಿದರೆ ಸಾಕು.

ವಿಟಮಿನ್ ಸಿ ಕೂಡ ಆಂಟಿಆಕ್ಸಿಡೆಂಟೇ, ಅದು ಇನ್ನೂ ಸೂಕ್ಷ್ಮ. ನೀರಿಗೆ ಹೋಗುತ್ತದೆ, ಬಿಸಿಗೂ ಹೋಗುತ್ತದೆ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ, ಹೆಚ್ಚಿದ್ದನ್ನು ನೀರಲ್ಲಿ ನೆನೆಹಾಕಬೇಡಿ. ಬಚ್ಚಲ ಹಿಂದೆ, ತೋಟದ ಕಾಲುವೆ ಪಕ್ಕ ಹಬ್ಬಿರುವ ಒಂದೆಲಗವನ್ನು ಚೆನ್ನಾಗಿ ತೊಳೆದು, ಹಸಿಯಾಗಿಯೇ ಕಾಯಿತುರಿ, ಹುರಿದ ಜೀರಿಗೆ, ಎರಡು ಕಾಳುಮೆಣಸಿನ ಜೊತೆ ಬೀಸಿ ಮಜ್ಜಿಗೆಗೆ ಸೇರಿಸಿದರೆ ತಂಬುಳಿ. ಕುದಿಸುವ ಮಾತೇ ಇಲ್ಲ. ಬೀಸಿದ ದಿನವೇ ಉಣ್ಣಬೇಕು. ಒಂದು ಪೇರಲೆಹಣ್ಣು ತಿಂದರೂ ದಿನದ ವಿಟಮಿನ್ ಸಿ ಸಿಕ್ಕಿಬಿಡುತ್ತದೆ.

ಕೆಂಪು ಹರಿವೆಯ ಕ್ಯಾರೊಟಿನ್ ಲೆಕ್ಕ ಉಲ್ಟಾ. ಅದಕ್ಕೆ ಬೇಯುವುದೂ ಬೇಕು, ಜಿಡ್ಡೂ ಬೇಕು. ಪಲ್ಯಕ್ಕೆ ಕೊಬ್ಬರಿ ಎಣ್ಣೆ ಒಗ್ಗರಣೆ, ಮೇಲೆ ಕಾಯಿತುರಿ ಹಾಕುವ ನಮ್ಮ ಪದ್ಧತಿ ಇದಕ್ಕೆ ಸರಿಯಾಗಿ ಹೊಂದುತ್ತದೆ. ಅರಿಶಿನವೂ ಹಾಗೆಯೇ, ಸುಮ್ನೆ ನೀರಿಗೆ ಕದಡಿ ಕುಡಿದರೆ ಮೈಗೆ ಹತ್ತುವುದು ತೀರಾ ಕಡಿಮೆ. ಸ್ವಲ್ಪ ತುಪ್ಪ, ಒಂದು ಚಿಟಿಕೆ ಕಾಳುಮೆಣಸಿನ ಪುಡಿ ಸೇರಿಸಿ.

ಚಹಾದಲ್ಲೂ ಪಾಲಿಫಿನಾಲ್ ಅನ್ನುವ ಆಂಟಿಆಕ್ಸಿಡೆಂಟ್ ಇದೆ, ಆದರೆ ಊಟದ ಜೊತೆ ಕುಡಿದರೆ ಅದು ಕಬ್ಬಿಣಾಂಶ ಹೀರದ ಹಾಗೆ ತಡೆಯುತ್ತದೆ. ಒಂದು ತಾಸು ಬಿಟ್ಟು ಕುಡಿಯಿರಿ, ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಂತೂ ಮರೆಯಬೇಡಿ.

ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವಿಟಮಿನ್ ಇ ಅಥವಾ ಅರಿಶಿನದ ಕ್ಯಾಪ್ಸೂಲ್ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿ. ಶುಗರ್ ಇರುವವರಿಗೆ ಮೇಲೆ ಹೇಳಿದ ಪಾನಕ ಆಗುವುದಿಲ್ಲ. ಅವರು ನಾಲ್ಕೈದು ಒಣ ಸಿಪ್ಪೆಯನ್ನು ರಾತ್ರಿ ಒಂದು ಲೋಟ ನೀರಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ, ಚಿಟಿಕೆ ಉಪ್ಪು, ಜೀರಿಗೆ ಪುಡಿ ಹಾಕಿ ಕುಡಿಯಬಹುದು. ಅತ್ತಿಗೆಗೂ ಶುಗರ್ ಇದೆ, ಈಗ ಅವರು ಹೀಗೆಯೇ ಕುಡಿಯುತ್ತಾರೆ.