ಹುಟ್ಟೋ ಕೂಸಿಗ ಮುಂದ ಶುಗರ್ ಕಾಟ ಕಡಿಮಿ ಆಗ್ಬೇಕಂದ್ರ ಬಸುರಿ ತಾಟು ಹಿಂಗ ಹಚ್ರಿ

ನಮ್ಮ ಕಲಬುರಗಿ ಕಡಿ ಬಸುರಿಗ ಉಣಿಸೋದ್ರಾಗ ಯಾರೂ ಹಿಂದ ಬೀಳಂಗಿಲ್ಲ, ಆದ್ರ ತಾಟಿನ್ಯಾಗ ನೋಡಿದ್ರ ತುಂಬ ಅನ್ನ, ನೀರು ಸಾರು, ಬಯಕಿ ಅಂತ ಮ್ಯಾಲ ಜಿಲೇಬಿ, ಪೇಢಾ. ಕೆಲವು ಮನ್ಯಾಗ ಉಲ್ಟಾ, ಕೂಸು ದೊಡ್ಡದಾದ್ರ ಹೆರಿಗಿ ತ್ರಾಸ ಆಗ್ತದ ಅಂತ ಏಳು ತುಂಬಿದ ಮ್ಯಾಲ ಊಟನೇ ಕಡಿಮಿ ಮಾಡಿಸ್ತಾರ. ಎರಡೂ ಕೂಸಿಗ ಹೊಡತನೇ, ಮತ್ತ ಆ ಹೊಡತ ಕಾಣೋದು ಎಷ್ಟೋ ವರ್ಷದ ಮ್ಯಾಲ, ಶುಗರು, ಬಿಪಿ, ಹಾರ್ಟಿನ ಜಡ್ಡಾಗಿ.

ಯಾಕಂದ್ರ ಹೊಟ್ಟ್ಯಾಗ ಪೋಷಣಿ ಸಾಲಲಿಲ್ಲಂದ್ರ ಕೂಸಿನ ದೇಹ ಮೊದ್ಲು ಮಿದುಳು ಕಾಯ್ತದ. ಸ್ನಾಯು, ಕಿಡ್ನಿ, ರಕ್ತದ ಸಕ್ಕರಿ ಹಿಡಿತದಾಗಿಡೋ ಇನ್ಸುಲಿನ್ ಮಾಡೋ ಮೇದೋಜೀರಕ ಗ್ರಂಥಿಗ ಪಾಲು ಕಡಿಮಿ ಬೀಳ್ತದ. 1944-45ರಾಗ ನೆದರ್ಲೆಂಡ್ಸಿಗ ಯುದ್ಧದ ಬರ ಬಿದ್ದಾಗ ಹೊಟ್ಟ್ಯಾಗಿದ್ದ ಮಕ್ಕಳಿಗ ದೊಡ್ಡವರಾದ ಮ್ಯಾಲ ಸಕ್ಕರಿ ತಡಕೊಳ್ಳೋ ಶಕ್ತಿ ಕಡಿಮಿ ಇತ್ತು. ಪುಣೆದಾಗ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಾಗ ಹಳ್ಳಿ ಬಸುರಿಯರ ಮ್ಯಾಲ ಅಧ್ಯಯನ ಶುರು ಮಾಡ್ತು, ಅಲ್ಲಿ ಕೂಸುಗಳು ಸರಾಸರಿ ಸುಮಾರು 2.7 ಕೆಜಿ, ಇಂಗ್ಲೆಂಡಿನ ಕೂಸಿಗಿಂತ ಸಣ್ಣವು, ಸ್ನಾಯು ಕಡಿಮಿ, ಆದ್ರ ಕೊಬ್ಬು ಮಾತ್ರ ಅಷ್ಟು ಕಡಿಮಿ ಇಲ್ಲ. ಅಂದ್ರ ತೂಕ ಎಷ್ಟು ಅನ್ನೋದು ಒಂದೇ ಅಲ್ಲ, ಆ ತೂಕ ಏತರದ್ದು, ಸ್ನಾಯುದ್ದೋ ಕೊಬ್ಬಿಂದೋ ಅನ್ನೋದೂ ನೋಡ್ಬೇಕು.

ಮೊದ್ಲನೇದು ಸಸಾರ. ಕೂಸು ಬೇಕಂತ ಅನ್ಕೊಂಡಾಗಿಂದ್ಲೇ ಡಾಕ್ಟರಿಗ ಕೇಳಿ ಫೋಲಿಕ್ ಆಸಿಡ್ ತಗೋರಿ, ತಿಂಗಳು ನಿಂತ ಕೂಡ್ಲೇ ತಾಯಿ ಕಾರ್ಡ್ ಮಾಡಿಸ್ರಿ.

ಎರಡನೇದು ತಾಟು, ಎಲ್ಲಾರೂ ಕೆಡಿಸೋದು ಇಲ್ಲೇ. ‘ಇಬ್ಬರ ಪಾಲು ಉಣ್ಣು’ ಅನ್ನೋದು ಬಿಡ್ರಿ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳೋದು ದಿನಕ್ಕ ಹೆಚ್ಚಿಗಿ 350 ಕ್ಯಾಲೊರಿ, ಅಂದ್ರ ಒಂದು ಜ್ವಾಳದ ರೊಟ್ಟಿ, ಒಂದು ಬಟ್ಟಲ ಗಟ್ಟಿ ಬ್ಯಾಳಿ, ಅಷ್ಟೇ. ಆದ್ರ ಬ್ಯಾಳಿ ಗಟ್ಟಿನೇ ಇರ್ಬೇಕು. 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ಊರ ಕಡಿದೇ ಮಾಲು ಅನ್ನೋ ಗುರುತು, ಬಂದ ತೊಗರಿ ನಮ್ಮದು, ಆದ್ರೂ ಮನಿ ಮಂದಿದೆಲ್ಲ ಊಟ ಆದ ಮ್ಯಾಲ ಸೊಸಿ ಕುಂದರ್ತಾಳ, ಅಷ್ಟೊತ್ತಿಗ ಬ್ಯಾಳಿ ಎಲ್ಲಾ ಹೋಗಿ ಬೋಗಾಣ್ಯಾಗ ತಿಳಿ ಉಳಿದಿರ್ತದ. ಅತ್ತಿ ಆದವರು ಬಸುರಿ ತಾಟು ಮೊದ್ಲು ಹಚ್ರಿ, ಸೌಟು ತಳಕ್ಕ ಮುಟ್ಟಿಸಿ ಎತ್ರಿ. ಆಮ್ಯಾಲ ತಪ್ಪಲು ಪಲ್ಯ: ಪುಂಡಿ, ಮೆಂತ್ಯ, ರಾಜಗಿರಿ, ನುಗ್ಗಿ ಯಾವುದಾದ್ರೂ ದಿನಾ ಒಂದು, ಉಪ್ಪಿನಕಾಯಿಯಂಗ ಮೂಲ್ಯಾಗ ಇಷ್ಟೇ ಅಲ್ಲ, ಬಟ್ಟಲ ತುಂಬ. ಪುಣೆ ಅಧ್ಯಯನದಾಗ ಕೂಸಿನ ಬೆಳವಣಿಗಿ ಜೋಡಿ ತಾಳಿ ಬಂದದ್ದು ಬರೇ ಕ್ಯಾಲೊರಿ ಅಲ್ಲ, ತಪ್ಪಲು ಪಲ್ಯ, ಹಣ್ಣು, ಹಾಲು. ಹಸೀದು ತಿನ್ನೋದಿದ್ರ ಎರಡು ಮೂರು ನೀರಿನ್ಯಾಗ ತೊಳೀರಿ. ಮ್ಯಾಲ ಒಂದು ಚಮಚ ಶೇಂಗಾ ಹಿಂಡಿ ಇಲ್ಲಾ ಅಗಸಿ ಹಿಂಡಿ, ಒಂದು ಬಟ್ಟಲ ಮೊಸರು, ತಿನ್ನೋ ಮಂದಿ ಇದ್ರ ತತ್ತಿ. ಅಂಗನವಾಡ್ಯಾಗ ಸರಕಾರದ ಮಾತೃಪೂರ್ಣ ಯೋಜನಿ ಬಿಸಿ ಊಟ, ತತ್ತಿ, ಹಾಲು ಸಿಗ್ತಾವ, ಅಲ್ಲೇ ಕುಂತು ಉಣ್ರಿ, ಡಬ್ಬ್ಯಾಗ ತಂದ್ರ ಮನಿ ಮಂದಿಗೆಲ್ಲ ಹಂಚಿ ಹೋಗ್ತದ.

ಟಿವ್ಯಾಗ ತೋರಿಸೋ ಚಾಕ್ಲೇಟ್ ರುಚಿ ಪೌಡರ್ ತರೋಕಿಂತ ಮೊದ್ಲು ಡಬ್ಬಿ ಹಿಂದಿನ ಪಟ್ಟಿ ಓದ್ರಿ, ಜಾಸ್ತಿ ಇದ್ದದ್ದು ಮೊದ್ಲು ಬರ್ದಿರ್ತಾರ. ಸಕ್ಕರಿ ಮ್ಯಾಲಿನ ಸಾಲಿನಾಗಿದ್ರ ಅಂಗಡ್ಯಾಗೇ ಇಟ್ಟು ಬರ್ರಿ, ಆ ರೊಕ್ಕಕ್ಕ ಎಷ್ಟು ಶೇಂಗಾ, ಹೆಸರುಕಾಳು ಬರ್ತಾವ.

ಮೂರನೇದು ಗುಳಿಗಿ. ಕಬ್ಬಿಣದ ಗುಳಿಗಿ ನಾಕನೇ ತಿಂಗಳಿಂದ 180 ದಿನ. ಚಹಾದ ಜೋಡಿ ನುಂಗಿದ್ರ ಮೈಗ ಹತ್ತೋದು ಭಾಳ ಕಡಿಮಿ, ಹಿಂದ ಮುಂದ ಒಂದು ತಾಸು ಚಹಾ ಬ್ಯಾಡ, ನಿಂಬಿಹಣ್ಣಿನ ನೀರು ಛಲೋ. ಕ್ಯಾಲ್ಸಿಯಂ ಗುಳಿಗಿಗೂ ಇದಕ್ಕೂ ಎರಡು ತಾಸು ಅಂತರ ಇರ್ಲಿ. ವಾಕರಿಕಿ ಬಂದ್ರ ರಾತ್ರಿ ಮಲಗೋ ಮುಂದ ನುಂಗ್ರಿ, ಸಂಡಾಸ್ ಕರ್ರಗಾದ್ರ ಅಂಜಬ್ಯಾಡ್ರಿ. ತತ್ತಿ, ಬಾಡು ಮುಟ್ಟದ ಮನ್ಯಾಗ ಬಿ12 ವಿಟಮಿನ್ ಬಗ್ಗೆ ಡಾಕ್ಟರಿಗ ಕೇಳ್ಲೇಬೇಕು, ಯಾಕಂದ್ರ ರಕ್ತದಾಗ ಫೋಲೇಟ್ (ಫೋಲಿಕ್ ಆಸಿಡ್ ಜಾತಿದೇ) ಜಾಸ್ತಿ ಇದ್ದು ಬಿ12 ಕಡಿಮಿ ಇದ್ದ ತಾಯಂದಿರ ಮಕ್ಕಳಿಗ 6 ವರ್ಷಕ್ಕೇ ಇನ್ಸುಲಿನ್ ಸರಿ ಕೆಲಸ ಮಾಡ್ತಿರ್ಲಿಲ್ಲ ಅಂತ ಅದೇ ಪುಣೆ ತಂಡ ತೋರಿಸ್ಯದ. ಫೋಲಿಕ್ ಬಿಡ್ರಿ ಅಂತಲ್ಲ, ಬಿ12 ಕೂಡಿಸ್ರಿ ಅಂತ.

ನಾಕನೇದು ಶುಗರ್ ಟೆಸ್ಟು. ನಮ್ಮ ಮನ್ಯಾಗ ಯಾರಿಗೂ ಶುಗರ್ ಇಲ್ಲ ಅಂತ ತಪ್ಪಿಸಬ್ಯಾಡ್ರಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗ ರಕ್ತ ತಗೋತಾರ, 140 ಇಲ್ಲಾ ಅದಕ್ಕಿಂತ ಜಾಸ್ತಿ ಬಂದ್ರ ಬಸುರಿನ ಶುಗರ್. ಮೊದಲ ಸಲ ಸರಿ ಬಂದ್ರೂ 24ರಿಂದ 28ನೇ ವಾರದಾಗ ಮತ್ತ ಮಾಡಿಸ್ರಿ. ತಾಯಿ ರಕ್ತದ ಸಕ್ಕರಿ ಕೂಸಿಗ ದಾಟ್ತದ, ಇನ್ಸುಲಿನ್ ದಾಟಂಗಿಲ್ಲ, ಹಂಗಾಗಿ ಕೂಸು ತಾನೇ ಇನ್ಸುಲಿನ್ ಜಾಸ್ತಿ ಮಾಡಿ ಹೊಟ್ಟ್ಯಾಗೇ ಕೊಬ್ಬು ಕಟ್ಕೊಂತದ, ದೊಡ್ಡದಾದ ಮ್ಯಾಲ ಅದಕ್ಕೂ ಶುಗರ್ ಬರೋ ಅಪಾಯ ಜಾಸ್ತಿ.

ಹೆರಿಗಿ ಆದ ಮ್ಯಾಲ ಆರು ತಿಂಗಳು ಬರೇ ಎದಿಹಾಲು. 2.5 ಕೆಜಿಗಿಂತ ಕಡಿಮಿ ಹುಟ್ಟಿದ್ದಕ್ಕ ಲಗೂನೆ ದಪ್ಪ ಮಾಡ್ಬೇಕಂತ ಮುಂದ ಬಿಸ್ಕೀಟು, ಸಕ್ಕರಿ ಹಾಲು ತುರುಕಬ್ಯಾಡ್ರಿ, ಸಣ್ಣ ಹುಟ್ಟಿದ ಕೂಸು ಆಮ್ಯಾಲ ಮೈ ತುಂಬ ಕೊಬ್ಬು ಬೆಳಸ್ಕೊಂಡ್ರನೇ ಶುಗರಿನ ಅಪಾಯ ಹೆಚ್ಚು. ಆರು ತಿಂಗಳಾದ ಮ್ಯಾಲ ಬ್ಯಾಳಿ ಹಾಕಿ ಮೆತ್ತಗ ಕುದಿಸಿದ ಜ್ವಾಳದ ನುಚ್ಚು ಕೊಡ್ರಿ, ತಿಂಗಳಿಗೊಮ್ಮಿ ಅಂಗನವಾಡ್ಯಾಗ ತೂಕ ಮಾಡಿಸಿ ತಾಯಿ ಕಾರ್ಡಿನ್ಯಾಗ ಬರಸ್ರಿ.